ನಿಷೇಧವೋ, ಮಾಲಿನ್ಯ ಶುಲ್ಕವೋ?

ಜನರ ಆರೋಗ್ಯವನ್ನೂ ಪರಿಸರವನ್ನೂ ಒಟ್ಟಿಗೆ ಕಾಯುವ ನೀತಿಯನ್ನು ರೂಪಿಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಹಾನಿಕಾರಕ ವಸ್ತುವನ್ನು ನಿಷೇಧಿಸುವುದು, ಇಲ್ಲವೇ ಹೊರಸೂಸಿದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ವಿಧಿಸುವುದು.

ಸುರಕ್ಷಿತ ಮಿತಿಯೇ ಗೊತ್ತಿಲ್ಲದ ವಿಷಕ್ಕೆ ನಿಷೇಧವೇ ತಕ್ಕದ್ದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ ಮತ್ತು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಹಣ ತೆತ್ತು ಅದನ್ನು ಗಾಳಿಗೆ ಬಿಡುವ ಹಕ್ಕನ್ನು ಯಾರಿಗೂ ಕೊಡಬಾರದು. ಹೀಗಿದ್ದೂ ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಮಾರಾಟ ಜಗತ್ತಿನಲ್ಲಿ ಕೊನೆಗೊಂಡದ್ದು 2021ರಲ್ಲಿ, ಅಲ್ಜೀರಿಯಾ ಅದನ್ನು ನಿಲ್ಲಿಸಿದ ನಂತರ. ಈ ವಿಳಂಬ ನಿಜಕ್ಕೂ ನೋವಿನ ಸಂಗತಿ. ನಿಷೇಧ ಬೇಗ ಫಲಿಸಬೇಕಾದರೆ ಬದಲಿ ವಸ್ತುವೂ ನೆರವೂ ಬೇಕು. ಓಝೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವು, ಆ ಪದರಕ್ಕೆ ಹಾನಿ ಮಾಡುವ ರಾಸಾಯನಿಕಗಳನ್ನು ಕೈಬಿಡಲು ಅಭಿವೃದ್ಧಿಶೀಲ ದೇಶಗಳಿಗೆ ಹೆಚ್ಚಿನ ಕಾಲಾವಕಾಶವನ್ನು ನೀಡಿತು, ಮುಂದೆ ಅವುಗಳಿಗಾಗಿ ನಿಧಿಯೊಂದೂ ಸ್ಥಾಪನೆಯಾಯಿತು.

ಇಂಧನ ಉರಿಸುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳನ್ನು ಒಮ್ಮೆಲೇ ಇಲ್ಲವಾಗಿಸಲಾಗದು. ಅಲ್ಲಿ ಶುಲ್ಕ ಉಪಯುಕ್ತ. ಸ್ವೀಡನ್ 1992ರಿಂದ ದೊಡ್ಡ ಸ್ಥಾವರಗಳಿಂದ ಇಂಥ ಶುಲ್ಕ ಸಂಗ್ರಹಿಸಿ, ಅವು ಉತ್ಪಾದಿಸಿದ ಶಕ್ತಿಗೆ ಅನುಗುಣವಾಗಿ ಹಣವನ್ನು ಮರಳಿಸುತ್ತ ಬಂದಿತು. ಇದರಿಂದ ಕಡಿಮೆ ಮಾಲಿನ್ಯ ಮಾಡಿದವರಿಗೆ ಲಾಭವಾಯಿತು. ಆದರೆ ಶುಲ್ಕ ಕಟ್ಟಿ ಹೊಗೆ ಬಿಡುತ್ತಲೇ ಇರುವ ಸ್ಥಾವರದ ಪಕ್ಕದಲ್ಲಿ ವಾಸಿಸುವವರ ಶ್ವಾಸಕೋಶಕ್ಕೆ ಅದರಿಂದ ರಕ್ಷಣೆ ಸಿಗದು. ಆದ್ದರಿಂದ ಗರಿಷ್ಠ ಮಿತಿಯಿಲ್ಲದ ಶುಲ್ಕವನ್ನು ನಾನು ಒಪ್ಪಲಾರೆ.

ನಿರಂತರವಾಗಿ ಅಳೆಯುವ ಸಾಮರ್ಥ್ಯ ಆಡಳಿತಕ್ಕೆ ಇಲ್ಲದಿದ್ದರೆ, ಕಾರ್ಖಾನೆಯಲ್ಲೋ ಬಂದರಿನಲ್ಲೋ ಪರೀಕ್ಷಿಸಬಹುದಾದ ನಿಷೇಧವನ್ನೇ ಆರಿಸಿಕೊಳ್ಳುವುದು ಲೇಸು.