ಮಂಗಳೂರಿನಿಂದ ಮಡಿಕೇರಿಗೆ ಬಂದ ನನ್ನ 3 ಎಚ್‌ಪಿ ಏರ್ ಕಂಪ್ರೆಸರ್

ಎರಡು ಸಿಲಿಂಡರ್, ಬೆಲ್ಟ್ ಡ್ರೈವ್, 160 ಲೀಟರ್ ಟ್ಯಾಂಕ್. ಈ ಕಂಪ್ರೆಸರ್ ಮೊದಲು ಮಂಗಳೂರಿನ ನನ್ನ ಟೈರ್ ಅಂಗಡಿಯಲ್ಲಿತ್ತು. ಅಂಗಡಿ ಮಡಿಕೇರಿಗೆ ಬಂದಾಗ ಇದೂ ಜೊತೆಗೆ ಬಂತು. ಎರಡೂ ಕಡೆ ವರ್ಷಗಟ್ಟಲೆ ದುಡಿದಿದೆ. ಕೊಡಗು, ಚಿಕ್ಕಮಗಳೂರು ಕಡೆ ಕಂಪ್ರೆಸರ್ ಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಯಂತ್ರ ಗಟ್ಟಿ. ಆಯಿಲ್ ಬದಲಾಯಿಸಿ, ಫಿಲ್ಟರ್ ಶುಚಿಯಾಗಿಟ್ಟರೆ ತಕರಾರಿಲ್ಲ. ಇಲ್ಲಿಯವರೆಗೆ ಬೆಲ್ಟ್ ಮತ್ತು ವಾಲ್ವ್ ಪ್ಲೇಟ್ ಮಾತ್ರ ಹಾಕಿಸಿದ್ದೇನೆ.

ಆದರೆ ಘಟ್ಟ ಹತ್ತಿದ ಮೇಲೆ ಟ್ಯಾಂಕ್ ತುಂಬುವುದು ನಿಧಾನವಾಯಿತು. ಮಂಗಳೂರಿನಲ್ಲಿ ಖಾಲಿ ಟ್ಯಾಂಕಿನ ಒತ್ತಡ 8 ಬಾರ್‌ಗೆ ಬರಲು ಐದೂವರೆ ನಿಮಿಷ ಸಾಕಿತ್ತು. ಇಲ್ಲಿ ಆರೂವರೆ ನಿಮಿಷದ ಹತ್ತಿರ ಬೇಕು. ಸರ್ವಿಸ್‌ಗೆ ಬಂದವರು ಪಿಸ್ಟನ್ ರಿಂಗ್ ಸವೆದಿದೆ, ಬದಲಾಯಿಸಿ ಅಂದರು. ರಿಂಗ್ ಚೆನ್ನಾಗಿಯೇ ಇತ್ತು. ಬದಲಾಗಿದ್ದು ಊರಿನ ಎತ್ತರ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 0.88 ಬಾರ್ ಆಸುಪಾಸು. ಪಿಸ್ಟನ್ ಪ್ರತಿ ಸಲ ಎಳೆದುಕೊಳ್ಳುವ ಜಾಗ ಅಷ್ಟೇ, ಆದರೆ ಅದರೊಳಗೆ ಬರುವ ಗಾಳಿ ತೆಳು. ಯಂತ್ರದ ನೇಮ್ ಪ್ಲೇಟಿನ ಮೇಲೆ 12 ಸಿಎಫ್ಎಂ (ನಿಮಿಷಕ್ಕೆ 12 ಘನ ಅಡಿ ಗಾಳಿ) ಅಂತಿದ್ದರೆ, ಮಂಗಳೂರಿನ ಲೆಕ್ಕದಲ್ಲಿ ಇಲ್ಲಿ ಸಿಗುವುದು ಹತ್ತೂವರೆ ಇರಬಹುದು.

ಗೇಜ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಟ್ಯಾಂಕಿನಲ್ಲಿ ಎಷ್ಟು ಜಾಸ್ತಿ ಒತ್ತಡ ಇದೆ ಅಂತ ಮಾತ್ರ. ಹಾಗಾಗಿ ಇಲ್ಲೂ 8 ಬಾರ್‌ಗೇ ಪ್ರೆಶರ್ ಸ್ವಿಚ್ ಮೋಟಾರ್ ನಿಲ್ಲಿಸುತ್ತದೆ. ತೊಂದರೆ ಕಾಣುವುದು ಗಾಳಿಯಿಂದ ನಟ್ ಬಿಚ್ಚುವ ಇಂಪ್ಯಾಕ್ಟ್ ಗನ್ ಹಿಡಿದಾಗ. ಗನ್ ಕುಡಿಯುವ ಗಾಳಿ ಹೆಚ್ಚುಕಡಿಮೆ ಮೊದಲಿನಷ್ಟೇ, ಕಂಪ್ರೆಸರ್ ಕೊಡುವುದು ಕಡಿಮೆ. ಲಾರಿಯ ನಟ್ ಸಾಲಾಗಿ ಬಿಚ್ಚುವಾಗ ಒತ್ತಡ ಬೇಗ ಇಳಿಯುತ್ತದೆ, ಮೋಟಾರ್ ಪದೇ ಪದೇ ಸ್ಟಾರ್ಟ್ ಆಗುತ್ತದೆ.

ಸಿಲಿಂಡರ್ ಹೆಡ್ಡೂ ಜಾಸ್ತಿ ಬಿಸಿಯಾಗುತ್ತದೆ. ಗೇಜ್ 7 ಬಾರ್ ತೋರಿಸಬೇಕಾದರೆ ಮಂಗಳೂರಿನಲ್ಲಿ ಗಾಳಿಯನ್ನು ಸುಮಾರು 8 ಪಟ್ಟು ಒತ್ತಬೇಕು, ಇಲ್ಲಿ 9 ಪಟ್ಟು. ದಯವಿಟ್ಟು ಪ್ರೆಶರ್ ಸ್ವಿಚ್ ತಿರುಗಿಸಿ ಒತ್ತಡ ಏರಿಸಬೇಡಿ. ಗಾಳಿ ಹೆಚ್ಚಾಗುವುದಿಲ್ಲ, ಶಾಖ ಹೆಚ್ಚುತ್ತದೆ. ಮಾಮೂಲಿ ಮೋಟಾರ್‌ಗಳ ರೇಟಿಂಗ್ 1,000 ಮೀಟರ್ ಎತ್ತರದವರೆಗಿನ ಲೆಕ್ಕ, ತೆಳು ಗಾಳಿ ಮೋಟಾರನ್ನು ಅಷ್ಟು ಚೆನ್ನಾಗಿ ತಣಿಸುವುದಿಲ್ಲ. ಮಡಿಕೇರಿಯ ಚಳಿ ಪುಣ್ಯಕ್ಕೆ ಅದನ್ನು ಸರಿದೂಗಿಸುತ್ತದೆ.

ಇನ್ನೊಂದು ವಿಷಯ, ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ಮಂಗಳೂರಿನಲ್ಲಿ 32 ಪಿಎಸ್ಐ ತುಂಬಿಸಿದ ಕಾರಿನ ಟೈರ್, ಬರೀ ಎತ್ತರದ ಕಾರಣಕ್ಕೆ ಇಲ್ಲಿ ಸುಮಾರು 2 ಪಿಎಸ್ಐ ಜಾಸ್ತಿ ತೋರಿಸಬೇಕು. ಆದರೆ ಇಲ್ಲಿ 10 ಡಿಗ್ರಿ ತಂಪಿದ್ದರೆ ಒಂದೂವರೆ ಪಿಎಸ್ಐ ಇಳಿಯುತ್ತದೆ. ಎರಡೂ ಸೇರಿ ಗೇಜ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಘಟ್ಟ ಹತ್ತಿ ಬಂದ ತಕ್ಷಣ ನೋಡಬೇಡಿ, ಟೈರ್ ತಣ್ಣಗಾಗಲಿ.

ಮಳೆಗಾಲದಲ್ಲಿ ಗಾಳಿಯ ತೇವದಿಂದ ಟ್ಯಾಂಕಿನಲ್ಲಿ ಸೇರುವ ನೀರನ್ನು ದಿನಾ ಹೊರಗೆ ಬಿಡಲೇಬೇಕು.

5ಕ್ಕೆ 4 ಸ್ಟಾರ್. ಒಂದು ಕಡಿಮೆ ಮಾಡಿದ್ದು ಕೈಪಿಡಿಗೆ. ಎತ್ತರದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ, ಬೆಟ್ಟದ ಊರಿನವರೂ ದುಡ್ಡು ಕೊಟ್ಟೇ ಕೊಳ್ಳುತ್ತಾರೆ ಅಲ್ವಾ? ಪಂಕ್ಚರ್, ಕಾರ್ ಟೈರ್ ಕೆಲಸಕ್ಕೆ ಇಲ್ಲಿ 3 ಎಚ್‌ಪಿ ಧಾರಾಳ ಸಾಕು. ಲಾರಿ ಕೆಲಸವೂ ಇದ್ದರೆ 5 ಎಚ್‌ಪಿಗೇ ಹೋಗಿ. ಅಂಗಡಿಯಲ್ಲಿ ಎಚ್‌ಪಿ ಕೇಳಿ ಬಿಡಬೇಡಿ, ಸಿಎಫ್ಎಂ ಕೇಳಿ, ಅದರಲ್ಲಿ ಎಂಟನೇ ಒಂದು ಭಾಗ ಕಳೆದು ಲೆಕ್ಕ ಹಾಕಿ.