ಸಿದ್ದಾಪುರದ ನರ್ಸರಿಯಲ್ಲಿ ನನ್ನ ಆರ್ಕಿಡ್‌ಗೆ ಸಿಕ್ಕ ಆರೈಕೆ

ಗೃಹಪ್ರವೇಶದ ದಿನ ಮಗ ತಂದುಕೊಟ್ಟ ಗಿಡ ಅದು. ಬಿಳಿ ಹೂವಿನ ಫೆಲನಾಪ್ಸಿಸ್ ಆರ್ಕಿಡ್. ಗಿರಿನಗರದ ನಮ್ಮ ಎರಡನೇ ಮಹಡಿಯ ಹಾಲ್‌ನಲ್ಲಿ, ಪೂರ್ವದ ಕಿಟಕಿ ಪಕ್ಕ ಇಟ್ಟಿದ್ದೆ. ಎರಡು ತಿಂಗಳು ಚೆನ್ನಾಗಿತ್ತು. ಜುಲೈನಲ್ಲಿ ಕೆಳಗಿನ ಎರಡು ಎಲೆ ಜೋತುಬಿದ್ದವು. ಮುಟ್ಟಿದರೆ ಹಳೇ ಚರ್ಮದ ಹಾಗೆ ಮೆತ್ತಗೆ, ಉದ್ದಕ್ಕೂ ಸುಕ್ಕು. ಬಾಯಾರಿರಬೇಕು ಅಂದುಕೊಂಡು ದಿನಾ ನೀರು ಹಾಕಿದೆ. ವಾರದೊಳಗೆ ಮೂರನೇ ಎಲೆಯೂ ಬಾಡಿತು. ಮೊದಲನೆಯದು ಹಳದಿಯಾಯಿತು.

ಗಿಡ ಕೊಂಡಿದ್ದ ಅಂಗಡಿಗೇ ಮೊದಲು ಹೋದೆ. ಅವರು ಸರಿಯಾಗಿ ನೋಡಲೂ ಇಲ್ಲ, ಒಂದು ಫಂಗಸ್ ಔಷಧಿ, ಒಂದು ಗೊಬ್ಬರದ ಸ್ಪ್ರೇ ಕೈಗಿಟ್ಟರು. 640 ರೂಪಾಯಿ. ಹತ್ತು ದಿನ ಹೊಡೆದೆ, ಏನೂ ಆಗಲಿಲ್ಲ. ಆಮೇಲೆ ಪಕ್ಕದ ಮನೆಯವರು ಹೇಳಿದ್ದು ಈ ನರ್ಸರಿಯನ್ನು.

ಲಾಲ್‌ಬಾಗ್ ಹಿಂದಿನ ಸಿದ್ದಾಪುರದಲ್ಲಿ ಸಾಲಾಗಿ ನರ್ಸರಿಗಳಿವೆಯಲ್ಲ, ಅದರಲ್ಲಿ ಒಂದು ಚಿಕ್ಕದು. ಹೆಸರು ಹಾಕಬೇಡಿ ಎಂದಿದ್ದಾರೆ. ಒಬ್ಬರೇ ಇದ್ದಾರೆ, ಜನ ಜಾಸ್ತಿ ಬಂದರೆ ಕೆಲಸ ಕೆಡುತ್ತದೆ ಅಂತ. ಅರವತ್ತು ದಾಟಿದ ಯಜಮಾನರು. ನಾನು ಎಲೆಯ ಕಥೆ ಶುರು ಮಾಡಿದೆ. ಅವರು ಅರ್ಧ ಕೇಳಿ, "ಅಮ್ಮಾ, ಎಲೆ ದೂರು ಹೇಳುತ್ತೆ ಅಷ್ಟೆ. ಕಾಯಿಲೆ ಎಲ್ಲಿದೆ ನೋಡೋಣ" ಎಂದು ಗಿಡವನ್ನು ಕುಂಡದಿಂದ ಎತ್ತೇಬಿಟ್ಟರು.

ನನ್ನ ಎದೆ ಧಸಕ್ಕೆಂದಿತು. ಒಳಗೆ ಮಣ್ಣಿನ ಬದಲು ಹಾಕುವ ಪಾಚಿ (ಮಾಸ್) ಗಟ್ಟಿಯಾಗಿ ತುರುಕಿದ್ದರು. ಹಿಂಡಿದರೆ ನೀರು ಸುರಿಯಿತು, ಚರಂಡಿ ವಾಸನೆ. ಪಾಚಿ ಬಿಡಿಸಿ ಒಂದೊಂದೇ ಬೇರನ್ನು ನನ್ನ ಕೈಯಿಂದಲೇ ಹಿಚುಕಿಸಿದರು. ಕೊಳೆತ ಬೇರಿನ ಸಿಪ್ಪೆ ಬೆರಳಿಗೇ ಕಿತ್ತು ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಒಳ್ಳೆ ಬೇರು ಎಳೇ ಹುರುಳಿಕಾಯಿಯ ಹಾಗೆ ಗಟ್ಟಿ. ಹನ್ನೊಂದರಲ್ಲಿ ಮೂರು ಮಾತ್ರ ಗಟ್ಟಿ ಇದ್ದವು. ಅಂದರೆ ಗಿಡ ನಿಜವಾಗಿಯೂ ಬಾಯಾರಿತ್ತು. ಕುಡಿಯಲು ಸಾಕಷ್ಟು ಬೇರುಗಳೇ ಇರಲಿಲ್ಲ. ನಾನು ಮೇಲೆ ಮೇಲೆ ನೀರು ಸುರಿದು ಇದ್ದ ಬೇರನ್ನೂ ಕೊಳೆಸುತ್ತಿದ್ದೆ. ನೀರು ಕಮ್ಮಿಯಾದರೂ ಎಲೆ ಸುಕ್ಕಾಗುತ್ತದೆ, ಜಾಸ್ತಿಯಾದರೂ ಸುಕ್ಕಾಗುತ್ತದೆ. ಎಲೆ ನೋಡಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಮನೆ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಬೆಳೆಯುತ್ತಿತ್ತು. ಮಳೆಯಲ್ಲಿ ನೆನೆಯುತ್ತಿತ್ತು, ಗಾಳಿಗೆ ಒಣಗುತ್ತಿತ್ತು. ಹಿಡಿ ಮಣ್ಣು ಸೋಕಿದ್ದಿಲ್ಲ. ಅದೂ ಆರ್ಕಿಡ್ಡೇ. ಚಿಕ್ಕಂದಿನಿಂದ ನೋಡಿದ್ದ ನನಗೆ ಇದು ಹೊಳೆಯಲಿಲ್ಲವಲ್ಲ ಅಂತ ಅವತ್ತು ನಿಜವಾಗಿಯೂ ಬೇಜಾರಾಯಿತು.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿದರು. ಕತ್ತರಿಸಿದ ತುದಿಗೆ ಚಕ್ಕೆ ಪುಡಿ. ತುದಿಗೆ ಮಾತ್ರ. ಒಳ್ಳೆ ಬೇರಿಗೆ ತಾಗಿದರೆ ಅದನ್ನೂ ಒಣಗಿಸುತ್ತದಂತೆ. ಹಳದಿ ಎಲೆ ತಾನಾಗಿ ಬೀಳಲಿ ಎಂದು ಬಿಟ್ಟರು. ಸುಕ್ಕಾದ ಎಲೆಗಳನ್ನೂ ಮುಟ್ಟಲಿಲ್ಲ, ಗಿಡಕ್ಕೆ ಈಗ ಅವೇ ಊಟ. ಕೊನೆಗೆ ಕೈ ಹೋದದ್ದು ಹೂವಿನ ಕಡ್ಡಿಗೆ. ಎರಡು ಹೂ ಇನ್ನೂ ಇದ್ದವು. "ಹೂ ಬೇಕಾ, ಗಿಡ ಬೇಕಾ?" ಎಂದರು. ಗಿಡ ಎಂದೆ. ಕತ್ತರಿಸಿ ಹೂವನ್ನು ನನ್ನ ಕೈಗೇ ಕೊಟ್ಟರು. ಮನೆಗೆ ತಂದು ದೇವರ ಮುಂದೆ ಇಟ್ಟೆ.

ತೊಗಟೆ ಚೂರು, ಇದ್ದಿಲು ಬೆರೆಸಿ, ಸುತ್ತ ತೂತಿರುವ ಪಾರದರ್ಶಕ ಕುಂಡದಲ್ಲಿ ನೆಟ್ಟರು. ಈ ಕುಂಡಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೇರು ಬೆಳ್ಳಿ ಬಣ್ಣಕ್ಕೆ ಬಂದರೆ ನೀರು, ಹಸಿರಾಗಿದ್ದರೆ ಸುಮ್ನೆ ಬಿಡಬೇಕು. ನೀರು ಅಂದರೆ ಹತ್ತು ನಿಮಿಷ ಬಕೆಟ್‌ನಲ್ಲಿ ನೆನೆಸಿ, ಪೂರ್ತಿ ಸೋರಲು ಬಿಡುವುದು. ಅದೂ ಬೆಳಿಗ್ಗೆ. ಆಗಸ್ಟ್‌ನ ಮೋಡದಲ್ಲಿ ನಮ್ಮ ಮನೆಯಲ್ಲಿ ಒಂಬತ್ತು ದಿನಕ್ಕೊಮ್ಮೆ ಸಾಕಾಯಿತು.

ಕಾಯುವಾಗ ಬೇರೆಯವರ ಗಿಡಗಳನ್ನೂ ನೋಡಿದೆ. ಒಬ್ಬರ ಗಿಡದ ಎಲೆಯ ಮೇಲೆ ಕಾಸಗಲ ಬಿಳಿಚಿದ ಕಲೆ, ಪಶ್ಚಿಮದ ಕಿಟಕಿಯ ಬಿಸಿಲಿನ ಸುಟ್ಟಗಾಯ. ಕಲೆ ಹರಡುತ್ತಿಲ್ಲ, ಜಾಗ ಬದಲಿಸಿ ಸಾಕು ಎಂದು ಕಳಿಸಿದರು, ದುಡ್ಡಿಲ್ಲ. ಇನ್ನೊಂದರ ಎಲೆ ಸಂದಿಯಲ್ಲಿ ಹತ್ತಿ ಅಂಟಿದ ಹಾಗೆ ಹಿಟ್ಟು ತಿಗಣೆ. ಮೆಡಿಕಲ್ ಶಾಪಿನ 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಒರೆಸಿ ತೋರಿಸಿದರು. ಒಂದೇ ಸಲಕ್ಕೆ ಮುಗಿಯಲ್ಲ, ವಾರಕ್ಕೊಮ್ಮೆ ಮತ್ತೆ ನೋಡಿ ಒರೆಸಬೇಕು. ಒಬ್ಬ ಹುಡುಗಿ ತಂದ ಗಿಡದ ಸುಳಿಯೇ ಕಪ್ಪಾಗಿ ಕೊಳೆತಿತ್ತು. ಮೇಲಿಂದ ಹಾಕಿದ ನೀರು ಸುಳಿಯಲ್ಲಿ ನಿಂತು ಹಾಗಾಗಿದೆ. ಫೆಲನಾಪ್ಸಿಸ್‌ಗೆ ಬೆಳೆಯುವ ಸುಳಿ ಇರುವುದು ಒಂದೇ. ಇದು ಉಳಿಯುವುದು ಕಷ್ಟಮ್ಮ ಎಂದು ಮುಖ ನೋಡಿ ಹೇಳಿದರು. ಔಷಧಿ ಮಾರಬಹುದಿತ್ತು ಅಲ್ವಾ? ಮಾರಲಿಲ್ಲ. ನನಗೆ ನಂಬಿಕೆ ಬಂದದ್ದು ಅಲ್ಲೇ.

ನನಗಾದ ಖರ್ಚು: ಕೆಲಸಕ್ಕೆ 150, ಕುಂಡ 90, ತೊಗಟೆ 120. ಒಟ್ಟು 360 ರೂಪಾಯಿ.

ಕೊರತೆಗಳೂ ಇವೆ. ಮನೆಗೆ ಕೊಂಡೊಯ್ಯಲು ಕೊಟ್ಟ ಉಳಿದ ತೊಗಟೆಯಲ್ಲಿ ಪುಡಿ ಜಾಸ್ತಿ. ಹಾಗೇ ಹಾಕಿದರೆ ಪುಡಿ ತಳಕ್ಕಿಳಿದು ಮತ್ತೆ ನೀರು ಹಿಡಿಯುತ್ತದೆ. ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ ಬಳಸಿ. ಕೂರಲು ಜಾಗವಿಲ್ಲ, ಒಂದೂವರೆ ಗಂಟೆ ನಿಂತೆ. ಭಾನುವಾರ ವ್ಯಾಪಾರ ಮಾತ್ರ, ಗಿಡ ನೋಡುವುದಿಲ್ಲ. ಕಾರು ನಿಲ್ಲಿಸುವ ಆಸೆ ಬಿಡಿ, ಆಟೋದಲ್ಲಿ ಹೋಗಿ. ಅವರ ಒಂದು ಸಲಹೆ ನಮ್ಮ ಮನೆಗೆ ಸರಿಹೋಗಲಿಲ್ಲ. ಬೇರು ಕಮ್ಮಿ ಇದೆ, ತೇವ ಉಳಿಯಲಿ ಅಂತ ಗಿಡದ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಲು ಹೇಳಿದ್ದರು. ಮಳೆಗಾಲದ ಹವೆಯಲ್ಲಿ ನಾಲ್ಕೇ ದಿನಕ್ಕೆ ತೊಗಟೆ ಮೇಲೆ ಬೂಸ್ಟು ಬಂತು. ಕವರ್ ತೆಗೆದೆ, ಫ್ಯಾನ್ ಗಾಳಿ ಸ್ವಲ್ಪ ಆಡುವ ಕಡೆ ಇಟ್ಟೆ, ಬೂಸ್ಟು ನಿಂತಿತು. ಬೇಸಿಗೆಯಲ್ಲಾದರೆ ಆ ಕವರ್ ಉಪಯೋಗಕ್ಕೆ ಬರಬಹುದು.

ಆರು ವಾರ ಗಿಡ ಹಾಗೇ ಕೂತಿತ್ತು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ ಬುಡದಲ್ಲಿ ಎಳೆ ಹಸಿರಿನ ಮೊನೆ ಕಂಡಿತು. ಬೇರು! ಕಣ್ಣಲ್ಲಿ ನೀರು ಬಂತು. ಅಕ್ಟೋಬರ್ ಕೊನೆಗೆ ಸುಳಿಯಿಂದ ಹೊಸ ಎಲೆ ಇಣುಕಿತು, ಕಿರುಬೆರಳಿನ ಉಗುರಿನಷ್ಟು. ಹಳೇ ಎಲೆಗಳ ಸುಕ್ಕು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಕಳೆದ ವಾರ ಹೋಗಿ ಫೋಟೋ ತೋರಿಸಿದೆ. ಕನ್ನಡಕ ಮೇಲೆ ಸರಿಸಿ, ಫೋಟೋ ದೊಡ್ಡದು ಮಾಡಿ, ಕುಂಡದ ಗೋಡೆಗೆ ಅಂಟಿದ ಬೇರುಗಳನ್ನು ಎಣಿಸಿದರು. ಆರು. "ಈಗ ಗೊಬ್ಬರ ಶುರು ಮಾಡಿ ಅಮ್ಮ" ಎಂದರು. "ಪ್ಯಾಕೆಟ್ ಮೇಲೆ ಬರೆದಿರೋದರಲ್ಲಿ ಅರ್ಧ ಹಾಕಿ. ಒಣಗಿದ ಬೇರಿಗೆ ಹಾಕಬೇಡಿ, ಮೊದಲು ನೀರಲ್ಲಿ ನೆನೆಸಿ."