ಮದ್ರಾಸ್ ಯೂನಿವರ್ಸಿಟಿಯ ಹಳೆಯ ಕ್ಯಾಲೆಂಡರ್, ಮರುಮುದ್ರಿತ ಪ್ರತಿ: ದುಡ್ಡು ಕೊಡುವ ಮುಂಚೆ ನೋಡಬೇಕಾದ ಪುಟಗಳು

ಯೂನಿವರ್ಸಿಟಿ ಕ್ಯಾಲೆಂಡರ್ ಎಂದರೆ ಕಾಯ್ದೆ, ರೆಗ್ಯುಲೇಷನ್, ಸೆನೆಟ್ (ಯೂನಿವರ್ಸಿಟಿಯ ಆಡಳಿತ ಸಭೆ) ಸದಸ್ಯರ ಪಟ್ಟಿ, ಕಾಲೇಜುಗಳ ವಿವರ ಎಲ್ಲವನ್ನೂ ಒಟ್ಟುಮಾಡಿದ ದಪ್ಪ ವಾರ್ಷಿಕ ಪುಸ್ತಕ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದ್ರಾಸಿಗೇ ಸೇರಿದ್ದವು. ಮಂಗಳೂರಿನ ಕಾಲೇಜುಗಳಂತೂ ಆಮೇಲೂ ಅಲ್ಲೇ ಉಳಿದವು. ನಮ್ಮ ಕಡೆಯ ಶಿಕ್ಷಣದ ಇತಿಹಾಸ ಓದುವವರಿಗೆ ಇದು ಬಿಡಲಾಗದ ಪುಸ್ತಕ. ಆದರೆ ಸ್ಕ್ಯಾನ್ ಮಾಡಿ, ಆರ್ಡರ್ ಬಂದಾಗ ಅಚ್ಚುಹಾಕಿ ಕಳಿಸುವ ಪ್ರತಿಗಳನ್ನು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ.

1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆಯ ನಂತರದ ಯಾವುದಾದರೂ ವರ್ಷದ ಪ್ರತಿಯನ್ನೇ ಆರಿಸಿ. ಆಡಳಿತದ ಸ್ವರೂಪ ಬದಲಾದದ್ದು ಆ ಕಾಯ್ದೆಯಿಂದ. ಮದ್ರಾಸ್, ಬೊಂಬಾಯಿ, ಕಲ್ಕತ್ತಾಗಳ ಸೆನೆಟ್‌ಗೆ ಪದನಿಮಿತ್ತ ಸದಸ್ಯರನ್ನು ಬಿಟ್ಟು 50ಕ್ಕೆ ಕಡಿಮೆಯಿಲ್ಲದ, 100ಕ್ಕೆ ಮೀರದ ಫೆಲೋಗಳು, ಅಂದರೆ ಸೆನೆಟ್ ಸದಸ್ಯರು. ಅವಧಿ 5 ವರ್ಷ. ಚುನಾಯಿತರು 20 ಮಂದಿ ಮಾತ್ರ, ಉಳಿದವರೆಲ್ಲ ಕುಲಪತಿಯ (ಚಾನ್ಸಲರ್; ಮದ್ರಾಸಿನಲ್ಲಿ ಗವರ್ನರ್) ನಾಮನಿರ್ದೇಶನ. ದಿನನಿತ್ಯದ ಕಾರುಬಾರು ಸಿಂಡಿಕೇಟಿನ ಕೈಯಲ್ಲಿ: ಉಪಕುಲಪತಿ ಅಧ್ಯಕ್ಷ, ವಿದ್ಯಾ ಇಲಾಖೆಯ ಡೈರೆಕ್ಟರ್‌ಗೆ ಖಾಯಂ ಕುರ್ಚಿ, ಜೊತೆಗೆ 7ರಿಂದ 15 ಫೆಲೋಗಳು.

ಹೀಗಾಗಿ ಪುಸ್ತಕದ ಜೀವ ಇರುವುದು ಫೆಲೋಗಳ ಪಟ್ಟಿಯಲ್ಲಿ. ಕಾಯ್ದೆಯ ಪಠ್ಯ ಬೇರೆ ಕಡೆಯೂ ಸಿಗುತ್ತದೆ; ಯಾರು ಚುನಾಯಿತರು, ಯಾರು ಸರ್ಕಾರದ ಕಡೆಯವರು ಎಂಬುದು ತಿಳಿಯಬೇಕಾದರೆ ಈ ಪಟ್ಟಿಯೇ ಬೇಕು. ಮರುಮುದ್ರಣದಲ್ಲಿ ಮೊದಲು ಕೆಡುವುದೂ ಇದೇ. ದಪ್ಪ ಪುಸ್ತಕವನ್ನು ಪೂರ್ತಿ ಬಿಡಿಸದೆ ಸ್ಕ್ಯಾನ್ ಮಾಡಿದರೆ ಹೊಲಿಗೆಯ ಕಡೆಯ ಅಕ್ಷರಗಳು ನೆರಳಿನಲ್ಲಿ ಮುಳುಗುತ್ತವೆ. ಎಡಪುಟದಲ್ಲಿ ಸಾಲಿನ ಕೊನೆ, ಬಲಪುಟದಲ್ಲಿ ಸಾಲಿನ ಮೊದಲು ಹೋಗುತ್ತದೆ. ಹೆಸರಿನ ಇನಿಷಿಯಲ್ ಒಂದು ಮಾಯವಾದರೂ ಇಬ್ಬರು ಶ್ರೀನಿವಾಸ ಅಯ್ಯಂಗಾರರಲ್ಲಿ ಯಾರೆಂದು ಹೇಳಲು ಬರುವುದಿಲ್ಲ. ಮಡಿಸಿ ಅಂಟಿಸಿದ ದೊಡ್ಡ ಕೋಷ್ಟಕಗಳ ಗತಿ ಇನ್ನೂ ಕೆಟ್ಟದ್ದು: ಬಿಚ್ಚದೆಯೇ ಸ್ಕ್ಯಾನ್ ಆಗಿರುತ್ತವೆ, ಅರ್ಧ ಕೋಷ್ಟಕ ಅಚ್ಚಿಗೇ ಬಂದಿರುವುದಿಲ್ಲ.

ಎರಡನೆಯದಾಗಿ ಕಾಲೇಜು ಸಂಯೋಜನೆಯ, ಅಂದರೆ ಕಾಲೇಜನ್ನು ಯೂನಿವರ್ಸಿಟಿಗೆ ಸೇರಿಸಿಕೊಳ್ಳುವ ನಿಯಮಗಳ, ಭಾಗ ನೋಡಿ. ಕಾಯ್ದೆಯ 21ನೇ ಕಲಮಿನ ದಾರಿ ಹೀಗಿತ್ತು: ಕಾಲೇಜು ರಿಜಿಸ್ಟ್ರಾರ್‌ಗೆ ಅರ್ಜಿ ಹಾಕಬೇಕು, ಆಡಳಿತ ಮಂಡಳಿ, ಅಧ್ಯಾಪಕರ ಅರ್ಹತೆ, ಕಟ್ಟಡ, ಲೈಬ್ರರಿ, ಹಣಕಾಸು ಎಲ್ಲದರಲ್ಲೂ ಸಿಂಡಿಕೇಟಿಗೆ ತೃಪ್ತಿಯಾಗುವಂತೆ ತೋರಿಸಬೇಕು. ಸಿಂಡಿಕೇಟ್ ಸ್ಥಳ ತನಿಖೆ ಮಾಡಿಸುತ್ತದೆ, ಸೆನೆಟ್ ಅಭಿಪ್ರಾಯ ದಾಖಲಿಸುತ್ತದೆ, ಕಾಗದವೆಲ್ಲ ಸರ್ಕಾರಕ್ಕೆ ಹೋಗುತ್ತದೆ. ಕೊಡುವುದು, ಬಿಡುವುದು ಸರ್ಕಾರಕ್ಕೆ ಸೇರಿದ್ದು. ರೆಗ್ಯುಲೇಷನ್‌ಗಳಿಗೂ ಸರ್ಕಾರದ ಮಂಜೂರಾತಿ ಬೇಕಿತ್ತು. ಇದನ್ನು ಓದಿದ ಮೇಲೆ ‘ಸೆನೆಟ್ ನಿರ್ಣಯಿಸಿತು’ ಎಂಬ ಸಾಲನ್ನು ಪೂರ್ತಿ ನಂಬಲಾಗದು, ನಂಬಲೂಬಾರದು. ಈ ಭಾಗದ ಅಡಿಟಿಪ್ಪಣಿಗಳು ಬಹಳ ಸಣ್ಣ ಅಕ್ಷರದವು. ಮೂಲಕ್ಕಿಂತ ಚಿಕ್ಕ ಅಳತೆಗೆ ಕುಗ್ಗಿಸಿ ಅಚ್ಚುಹಾಕಿದ ಪ್ರತಿಯಲ್ಲಿ 3 ಯಾವುದು, 8 ಯಾವುದು ತಿಳಿಯದು. ತಿದ್ದುಪಡಿಯ ತಾರೀಖು ಓದಲಾಗದಿದ್ದರೆ ಆ ನಿಯಮ ಯಾವಾಗ ಜಾರಿಗೆ ಬಂತೆಂದು ಬರೆಯುವ ಹಾಗಿಲ್ಲ.

ಮಾರುವವರ ಹತ್ತಿರ ಮೂರು ಪುಟದ ಫೋಟೋ ಕೇಳಿ: ಫೆಲೋಗಳ ಪಟ್ಟಿಯ ಎದುರುಬದುರಿನ ಎರಡು ಪುಟ, ಅಡಿಟಿಪ್ಪಣಿ ಇರುವ ಒಂದು ಪುಟ. ‘ಮೂಲದಲ್ಲೇ ಹಾಗಿದೆ’ ಎಂಬ ಉತ್ತರ ಬಂದರೆ ಕೊಳ್ಳಬೇಡಿ. ಸಂಪುಟದ ಸಂಖ್ಯೆಯನ್ನೂ ಕೇಳಿಕೊಳ್ಳಿ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಭಾಗವನ್ನೇ ‘ಕ್ಯಾಲೆಂಡರ್’ ಎಂದು ಕಳಿಸಿದರೆ ಆಡಳಿತದ ಒಂದಕ್ಷರವೂ ಅದರಲ್ಲಿ ಇರುವುದಿಲ್ಲ.

ಮರುಮುದ್ರಣದ ಕಾಗದ ಪರವಾಗಿಲ್ಲ, ಬೈಂಡಿಂಗ್ ಬರೀ ಅಂಟಿನದು, ಪದೇ ಪದೇ ತೆರೆದರೆ ಹಾಳೆ ಕಿತ್ತುಬರುತ್ತದೆ. ಐದಕ್ಕೆ ಮೂರು ಅಂಕ. ಒಂದೇ ವರ್ಷದ ಪ್ರತಿ ಕೊಳ್ಳುವುದಾದರೆ 1916ರ ಹಿಂದಿನದು ಕೊಳ್ಳಿ; ಮೈಸೂರು ಸಂಸ್ಥಾನದ ಆ ಎರಡೂ ಕಾಲೇಜುಗಳು ಅದರಲ್ಲಿ ಇರುತ್ತವೆ.